ಪೂಜೆಗೂ ಮೊದಲು ಪರೀಕ್ಷೆ
ಹಳೆಯ ಕೋವಿ, ಹಳೆಯ ರಿವಾಲ್ವರ್ ಕೈಗೆ ಬರುತ್ತಿರುವ ಕೊಡಗಿನ ಕಿರಿಯರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಕಿರಿಯರೇ,

ಭತ್ತದ ನಾಟಿ ಮುಗಿಯುವ ಹೊತ್ತು. ಸೆಪ್ಟೆಂಬರ್ 3ರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಇನ್ನು ಕೆಲವೇ ವಾರ. ಬೆಂಗಳೂರು, ಮೈಸೂರು, ದುಬೈ ಎಂದು ಚದುರಿರುವ ನೀವೆಲ್ಲ ಮನೆತನದ ಮೂಲಮನೆಯಾದ ಐನ್‌ಮನೆಗೆ ಬರುತ್ತೀರಿ. ಕೋವಿ ಕೆಳಗಿಳಿಯುತ್ತದೆ, ತೋಕ್ ಪೂ ಎಂಬ ಹೂ ಮುಡಿಯುತ್ತದೆ, ಗಂಧ ಹಚ್ಚಿಸಿಕೊಳ್ಳುತ್ತದೆ. ಕಡಂಬುಟ್ಟು, ಪಂದಿಕರಿ ಊಟ ಮುಗಿಸಿ ಮೈದಾನಕ್ಕೆ ಹೋದರೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಕಾದಿರುತ್ತದೆ. ವರ್ಷವಿಡೀ ಯಾರೂ ಮುಟ್ಟದ ಕೋವಿಗೆ, ಯಾವ ಕಾಲದ್ದೆಂದು ಯಾರಿಗೂ ನೆನಪಿಲ್ಲದ ತೋಟೆ ತುಂಬುವ ದಿನವೂ ಅದೇ. ನನ್ನನ್ನು ಈ ಪತ್ರಕ್ಕೆ ಕೂರಿಸಿದ್ದು ಆ ಕೊನೆಯ ಮಾತು.

ನಿಮ್ಮಲ್ಲಿ ಹಲವರು ನನ್ನಂಥ ಹಿರಿಯರನ್ನು ಕೇಳುವ ಪ್ರಶ್ನೆಗಳು ಎರಡು ಬಗೆಯವು. ಒಂದು, “ಅಜ್ಜನ ಜೋಡಿ ನಳಿಗೆ ಕೋವಿ ನನ್ನ ಪಾಲಿಗೆ ಬಂದಿದೆ, ಈಗಲೂ ಹೊಡೆಯಬಹುದಾ?” ಎರಡು, “ತೋಟದ ಮನೆಯಲ್ಲಿ ಒಂಟಿಯಾಗಿ ಇರ್ತೇವೆ, ಯಾರೋ ನಿವೃತ್ತರು ಹಳೆಯ ರಿವಾಲ್ವರ್ ಮಾರ್ತಾರಂತೆ, ತಗೊಳ್ಳಲಾ?” ಎರಡಕ್ಕೂ ನನ್ನ ಉತ್ತರ ಒಂದೇ ಜಾಗದಿಂದ ಹೊರಡುತ್ತದೆ. ಆಯುಧ ಇಟ್ಟುಕೊಳ್ಳುವ ಹಕ್ಕು ನಮಗೆ ವಂಶದಿಂದ ಬಂದಿರಬಹುದು. ಆ ಆಯುಧದ ಈಗಿನ ಸ್ಥಿತಿ ವಂಶದಿಂದ ಬರುವುದಿಲ್ಲ. ಅದನ್ನು ಪ್ರತಿ ತಲೆಮಾರೂ ಬಿಚ್ಚಿ ನೋಡಿಯೇ ತಿಳಿಯಬೇಕು.

ಮೊದಲು ಹಕ್ಕಿನ ಮಾತು, ಏಕೆಂದರೆ ಅಲ್ಲಿಯೇ ತಪ್ಪು ತಿಳಿವಳಿಕೆ ಹೆಚ್ಚು. 1857ರ ದಂಗೆಯ ನಂತರ ಬ್ರಿಟಿಷರು ದೇಶದ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುತ್ತಿದ್ದಾಗ, ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರಲ್ಲಿ ಕೊಡಗಿನವರಿಗೆ ವಿನಾಯಿತಿ ಕೊಟ್ಟರು. ಸ್ವಾತಂತ್ರ್ಯ ಬಂದ ಮೇಲೆ 1959ರ ಶಸ್ತ್ರಾಸ್ತ್ರ ಕಾಯ್ದೆ ಜಾರಿಯಾದರೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಉಳಿದುಕೊಂಡಿತು. 2019ರ ಅಕ್ಟೋಬರ್ 29ರಂದು ಕೇಂದ್ರ ಗೃಹ ಸಚಿವಾಲಯ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು. ಇಷ್ಟು ನಿಮಗೆಲ್ಲ ಗೊತ್ತು. ಕೊಡಗಿನ ಯಾವ ಸಭೆಯಲ್ಲೂ ಇದು ಕೇಳಿಬರುವ ಮಾತೇ.

ಸಭೆಗಳಲ್ಲಿ ಅಷ್ಟಾಗಿ ಕೇಳಿಬರದ ಅರ್ಧ ಬೇರೆ ಇದೆ. ಈ ವಿನಾಯಿತಿ ಕಾಯ್ದೆಯ 3 ಮತ್ತು 4ನೇ ಕಲಮುಗಳಿಗೆ, ಅಂದರೆ ಲೈಸೆನ್ಸ್ ಪಡೆಯುವ ಕೆಲಸಕ್ಕೆ ಸಂಬಂಧಿಸಿದ್ದು. ಉಳಿದ ಕಲಮುಗಳು ಮಡಿಕೇರಿಗೂ ಅಷ್ಟೇ, ಮಂಡ್ಯಕ್ಕೂ ಅಷ್ಟೇ. ನಳಿಗೆಯ ತುದಿ ತುಕ್ಕು ತಿಂದಿದೆ ಎಂದು ಗರಗಸ ಹಾಕಿ ಗಿಡ್ಡ ಮಾಡಿಸುವುದು 6ನೇ ಕಲಮಿನ ಪ್ರಕಾರ ಅಪರಾಧ. ಕೋವಿ ರಿಪೇರಿ ಮಾಡುವವರಿಗೂ ಅದಕ್ಕೆಂದೇ ಲೈಸೆನ್ಸ್ ಬೇಕು; ಊರ ಕಮ್ಮಾರನ ಕೈಗೋ ವೆಲ್ಡಿಂಗ್ ಶಾಪಿಗೋ ಕೊಟ್ಟರೆ ಕೊಟ್ಟವರೂ ಸಿಕ್ಕಿಬೀಳುತ್ತಾರೆ. 2019ರ ಡಿಸೆಂಬರ್‌ನ ತಿದ್ದುಪಡಿ ಇನ್ನೊಂದನ್ನು ಸೇರಿಸಿದೆ. ಸಾರ್ವಜನಿಕ ಸಭೆ, ಧಾರ್ಮಿಕ ಸ್ಥಳ, ಮದುವೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಗಂಡು ಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಗುಂಡು, ಪುತ್ತರಿ ಹಬ್ಬದ ಕದಿರು ಕೊಯ್ಯುವಾಗ ಒಂದು ಗುಂಡು ಎಂಬ ಪದ್ಧತಿ ಇರುವ ನಾಡು ನಮ್ಮದು. ಆ ಗುಂಡು ಹಾರಿಸುವವನ ಕೈ, ಅವನು ನಿಂತ ಜಾಗ, ನಳಿಗೆ ತಿರುಗಿದ ದಿಕ್ಕು ಮೂರೂ ಸರಿಯಿದ್ದಷ್ಟು ಕಾಲ ಮಾತ್ರ ಅದು ಪದ್ಧತಿ.

ಈಗ ರಿವಾಲ್ವರ್. ಹೊಸ ರಿವಾಲ್ವರ್ ದುಬಾರಿ. 2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಂಗಸರಿಗೆಂದು ‘ನಿರ್ಭೀಕ್’ ಎಂಬ ಹಗುರ ರಿವಾಲ್ವರ್ ತಂದಾಗಲೇ ಅದರ ಬೆಲೆ 1.22 ಲಕ್ಷ ರೂಪಾಯಿ ದಾಟಿತ್ತು. ವಿದೇಶಿ ಕೋವಿಗಳ ಆಮದು 1980ರ ದಶಕದಲ್ಲೇ ನಿಂತಿರುವುದರಿಂದ ಅದಕ್ಕೂ ಮೊದಲು ಬಂದ ವೆಬ್ಲಿ, ಸ್ಮಿತ್ ಆ್ಯಂಡ್ ವೆಸನ್, ಕೋಲ್ಟ್‌ಗಳೇ ಕೈಯಿಂದ ಕೈಗೆ ಓಡಾಡುತ್ತವೆ. ಹೆಸರಿಗೆ ಬೆಲೆ ಏರುತ್ತದೆ, ವಸ್ತು ಮಾತ್ರ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಮಾರುವವರು ಹೆಸರು ಹೇಳುತ್ತಾರೆ. ಸವೆತವನ್ನು ನೀವೇ ಕಂಡುಹಿಡಿಯಬೇಕು.

ಅದಕ್ಕೂ ಮೊದಲು ಬೋರ್ ಕೇಳಿ. ಕಾರ್ಯಪ್ಪ, ತಿಮ್ಮಯ್ಯ ಅವರಂಥ ದಂಡನಾಯಕರನ್ನು ಕೊಟ್ಟ ಜಿಲ್ಲೆ ಇದು. ಸೈನ್ಯದಲ್ಲಿದ್ದವರಿಲ್ಲದ ಒಕ್ಕ, ಅಂದರೆ ಮನೆತನ, ಇಲ್ಲಿ ಅಪರೂಪ. ಹಾಗಾಗಿ “ಸೈನ್ಯದ ರಿವಾಲ್ವರ್” ಎಂಬ ಮಾತಿಗೆ ಇಲ್ಲಿ ಬೇರೆಯೇ ತೂಕ. ಆದರೆ ಬ್ರಿಟಿಷ್ ಸೈನ್ಯದ ಅಧಿಕಾರಿಗಳು ಸೊಂಟಕ್ಕೆ ಕಟ್ಟಿದ್ದು .455 ಮತ್ತು .380 ಬೋರಿನ ರಿವಾಲ್ವರ್‌ಗಳನ್ನು. ಆ ತೋಟೆ ಹಿಡಿಸುವ ಪ್ರತಿ ಕೈಕೋವಿಯೂ ನಮ್ಮ ಶಸ್ತ್ರಾಸ್ತ್ರ ನಿಯಮಗಳಲ್ಲಿ ನಿಷೇಧಿತ ಬೋರಿನ ಪಟ್ಟಿಗೆ ಸೇರಿದೆ. ಸಾಮಾನ್ಯ ನಾಗರಿಕರಿಗೆ ದಕ್ಕುವ ರಿವಾಲ್ವರ್ ಎಂದರೆ ಬಹುಮಟ್ಟಿಗೆ .32. ಕಾನ್ಪುರದಲ್ಲಿ ತಯಾರಾಗುವ .32 ರಿವಾಲ್ವರ್ ಕೂಡ ಹಳೆಯ ವೆಬ್ಲಿಯ ಮಾದರಿಯದೇ, ನಡುವೆ ಮಡಚಿ ತೆರೆಯುವಂಥದ್ದು. ನೋಡಲು ಅಣ್ಣತಮ್ಮಂದಿರಂತಿರುವ ಈ ಎರಡರಲ್ಲಿ ಒಂದು ಕಾಗದದ ಮಾತು, ಇನ್ನೊಂದು ಜೈಲಿನ ಮಾತು. ನಳಿಗೆಯ ಮೇಲೂ ಸಿಲಿಂಡರ್ ಮೇಲೂ ಕೆತ್ತಿರುವುದನ್ನು ಭೂತಗನ್ನಡಿ ಹಿಡಿದು ಓದಿ.

ನಮ್ಮ ವಿನಾಯಿತಿಗೆ ರಿವಾಲ್ವರ್ ಸೇರುತ್ತದೆಯೇ ಎಂದು ಟೀ ಅಂಗಡಿಯಲ್ಲಿ ಕೇಳಬೇಡಿ. ನಿಮ್ಮ ಹೆಸರಿನ ವಿನಾಯಿತಿ ಪತ್ರ ತೆಗೆದುಕೊಂಡು ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ, ಈ ಬೋರಿನ, ಈ ನಂಬರಿನ ಆಯುಧವನ್ನು ನಾನು ಕೊಳ್ಳಬಹುದೇ ಎಂದು ಲಿಖಿತವಾಗಿ ಕೇಳಿ, ಲಿಖಿತ ಉತ್ತರ ಪಡೆಯಿರಿ. ಮುಂಗಡ ಕೊಡುವುದು ಆಮೇಲೆ. ಮಾರುವವರು ಲೈಸೆನ್ಸ್‌ದಾರರಾದರೆ ಅವರ ಕಡೆಯ ಕಾಗದವೂ ಸರಿಯಿರಬೇಕು: ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ಅದರಲ್ಲಿ ಯುಐಎನ್ (ವಿಶಿಷ್ಟ ಗುರುತಿನ ಸಂಖ್ಯೆ) ನಮೂದಾಗಿದೆಯೇ, ಲೈಸೆನ್ಸಿನಲ್ಲಿರುವ ನಂಬರ್ ಆಯುಧದ ಮೇಲಿನ ನಂಬರಿಗೆ ಅಕ್ಷರ ಅಕ್ಷರ ಹೊಂದುತ್ತದೆಯೇ. ಒಬ್ಬ ನಾಗರಿಕ ಇನ್ನೊಬ್ಬನಿಗೆ ಮಾರುವ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರಹದಲ್ಲಿ ತಿಳಿಸಿ 45 ದಿನ ಕಾಯಬೇಕೆಂದು ಕಾಯ್ದೆ ಹೇಳುತ್ತದೆ. “ನಾಳೆಯೇ ತಗೊಂಡು ಹೋಗಿ, ಕಾಗದ ಆಮೇಲೆ ನೋಡೋಣ” ಎನ್ನುವವರ ಮನೆಯಲ್ಲಿ ಕಾಫಿ ಕುಡಿದು ಎದ್ದು ಬನ್ನಿ.

ಕಾಗದ ಸರಿಯಿದೆ ಅಂದುಕೊಳ್ಳೋಣ. ಆಯುಧ ಕೈಗೆ ಬಂದಾಗ ಮೊದಲ ಕೆಲಸ ಖಾಲಿ ಇದೆಯೇ ಎಂದು ನೋಡುವುದು. ಕೊಟ್ಟವರು ಖಾಲಿ ಎಂದರೂ ತೆರೆದು ನೋಡಿ, ಆರು ಚೇಂಬರನ್ನೂ ಎಣಿಸಿ, ಬೆಳಕಿಗೆ ಹಿಡಿಯಿರಿ. ಇದಕ್ಕೆ ಯಾರೂ ಬೇಸರ ಮಾಡಿಕೊಳ್ಳಬಾರದು. ಸೈನ್ಯದಲ್ಲಿ ಜನರಲ್ ಕೊಟ್ಟರೂ ಸಿಪಾಯಿ ತೆರೆದು ನೋಡುತ್ತಾನೆ.

ಆಮೇಲೆ ಸವೆತದ ಪರೀಕ್ಷೆ. ಖಾಲಿ ರಿವಾಲ್ವರಿನ ಕುದುರೆಯನ್ನು (ಹ್ಯಾಮರ್) ನಿಧಾನವಾಗಿ ಪೂರ್ತಿ ಹಿಂದಕ್ಕೆ ಎಳೆಯಿರಿ. ಕುದುರೆ ನಿಲ್ಲುವ ಹೊತ್ತಿಗೆ ಸಿಲಿಂಡರ್ ಕೂಡ ತನ್ನ ಜಾಗಕ್ಕೆ ಬಂದು ಕಚ್ಚಿಕೊಂಡಿರಬೇಕು. ಆರೂ ಚೇಂಬರಿಗೆ ಇದನ್ನು ಮಾಡಿ. ಐದರಲ್ಲಿ ಸರಿಯಿದ್ದು ಒಂದರಲ್ಲಿ ತಪ್ಪಿದರೂ ಅದು ತಪ್ಪೇ. ಸಿಲಿಂಡರ್ ಪೂರ್ತಿ ತಿರುಗದೆ ನಿಂತರೆ ಚೇಂಬರ್ ನಳಿಗೆಗೆ ನೇರ ಸಿಗುವುದಿಲ್ಲ. ಗುಂಡು ನಳಿಗೆಯ ಅಂಚಿಗೆ ಉಜ್ಜಿ, ಸೀಸದ ಚೂರು ಪಕ್ಕಕ್ಕೆ ಹಾರುತ್ತದೆ. ಪಕ್ಕದಲ್ಲಿ ನಿಂತವರ ಕಣ್ಣಿಗೆ ಬೀಳುವ ಏಟು ಅದು.

ಕುದುರೆ ಎಳೆದು ನಿಂತಿರುವಾಗಲೇ, ಟ್ರಿಗರ್ ಮುಟ್ಟದೆ, ಹೆಬ್ಬೆರಳಿನಿಂದ ಕುದುರೆಯನ್ನು ಹಿಂದಿನಿಂದ ಒತ್ತಿ. ಮಿತವಾದ ಒತ್ತಡಕ್ಕೇ ಅದು ಜಾರಿ ಬಿದ್ದರೆ ಒಳಗಿನ ಹಲ್ಲು ಸವೆದಿದೆ, ಇಲ್ಲವೇ ಟ್ರಿಗರ್ ಹಗುರ ಮಾಡಲು ಯಾರೋ ಅರ ಹಾಕಿದ್ದಾರೆ. ಅಂಥದ್ದು ಬೇಡವೇ ಬೇಡ. ಸಿಲಿಂಡರನ್ನು ಹಿಂದೆ ಮುಂದೆ ಅಲ್ಲಾಡಿಸಿ. ಕೈಗೆ ಗೊತ್ತಾಗುವಷ್ಟು ಓಡಾಟವಿದ್ದರೆ ಸವೆದಿದೆ ಎಂದರ್ಥ. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದು ಕೂದಲೆಳೆಯಷ್ಟು ಇರಬೇಕು, ಸುಮಾರು 0.1ರಿಂದ 0.25 ಮಿಲಿಮೀಟರ್. ರಿಪೇರಿಯವರು ಫೀಲರ್ ಗೇಜ್ ತೂರಿಸಿ ಅಳೆಯುತ್ತಾರೆ. ಸಂದು ದೊಡ್ಡದಾದಷ್ಟೂ ಬಿಸಿ ಅನಿಲ ಪಕ್ಕಕ್ಕೆ ಚಿಮ್ಮುತ್ತದೆ. ಮಡಚಿ ತೆರೆಯುವ ಮಾದರಿಯಾದರೆ ಕೀಲನ್ನೂ ಮೇಲಿನ ಕೊಂಡಿಯನ್ನೂ ನೋಡಿ. ಮುಚ್ಚಿದ ಮೇಲೆ ನಳಿಗೆ ಹಿಡಿದು ಅಲ್ಲಾಡಿಸಿದರೆ ಕಟಕಟ ಸದ್ದು ಬರಬಾರದು.

ನಳಿಗೆಯ ಒಳಗೆ ಬೆಳಕು ಬಿಟ್ಟು ನೋಡಿದಾಗ ಉಂಗುರದ ಹಾಗೆ ಒಂದು ಕಪ್ಪು ನೆರಳು ಕಂಡರೆ, ಹಿಂದೆಂದೋ ಒಂದು ಗುಂಡು ಒಳಗೇ ಸಿಕ್ಕಿಕೊಂಡಿದ್ದಾಗ ಅದರ ಬೆನ್ನಿಗೆ ಇನ್ನೊಂದನ್ನು ಹೊಡೆದಿದ್ದಾರೆ, ನಳಿಗೆ ಉಬ್ಬಿದೆ ಎಂದರ್ಥ. ಅದಕ್ಕೆ ರಿಪೇರಿ ಇಲ್ಲ. ಚುಕ್ಕಿ ಚುಕ್ಕಿ ತುಕ್ಕಿನ ಗುಳಿ ಸ್ವಲ್ಪ ಇದ್ದರೆ ಬೆಲೆ ಇಳಿಸಿ ಕೇಳಬಹುದು. ನಳಿಗೆಯ ಬುಡದಲ್ಲಿ ಬಿರುಕಿದ್ದರೆ ಬೆಲೆಯ ಮಾತೇ ಇಲ್ಲ.

ಇನ್ನೂ ಎರಡು ಮಾತು. ಹಳೆಯ ರಿವಾಲ್ವರ್‌ಗಳಲ್ಲಿ ಹಲವಕ್ಕೆ, ಕೆಳಗೆ ಬಿದ್ದಾಗ ಕುದುರೆ ತೋಟೆಗೆ ತಾಗದಂತೆ ತಡೆಯುವ ಒಳಗಿನ ವ್ಯವಸ್ಥೆ ಇಲ್ಲ. ಅಂಥದ್ದರಲ್ಲಿ ಕುದುರೆಯ ಕೆಳಗಿನ ಚೇಂಬರ್ ಯಾವತ್ತೂ ಖಾಲಿ ಇರಬೇಕು. ಆರು ಹಿಡಿಸುವುದಕ್ಕೆ ಐದೇ ತುಂಬುವುದು ಹಳಬರ ನಿಯಮ. ಮತ್ತೊಂದು, .32 ಎಂದ ಮಾತ್ರಕ್ಕೆ ಎಲ್ಲ .32 ತೋಟೆಯೂ ಒಂದಲ್ಲ. ಪಿಸ್ತೂಲಿನ .32 ತೋಟೆ ಕೆಲವು ರಿವಾಲ್ವರ್‌ಗಳೊಳಗೆ ಕೂತುಬಿಡುತ್ತದೆ. ಕೂತಿತೆಂದು ಹೊಡೆಯಬಾರದು, ಅದರ ಒತ್ತಡ ಹಳೆಯ ರಿವಾಲ್ವರ್ ತಾಳುವುದಕ್ಕಿಂತ ಹೆಚ್ಚು.

ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ನಿಮಗೆ ನೀವೇ ಕೇಳಿಕೊಳ್ಳಿ: ಇದು ನನಗೆ ಯಾತಕ್ಕೆ? ತೋಟಕ್ಕೆ ನುಗ್ಗುವ ಆನೆಯ ಮುಂದೆ .32 ರಿವಾಲ್ವರ್ ಪಟಾಕಿಗಿಂತ ಕಡೆ. ಅದರಿಂದ ಹೊಡೆದರೆ ಆನೆಗೆ ನೋವು, ನಿಮಗೆ ಸಾವು, ಬದುಕಿದರೆ 1972ರ ವನ್ಯಜೀವಿ ಕಾಯ್ದೆ. ರಾತ್ರಿ ಕಳ್ಳನ ಭಯಕ್ಕೆಂದರೆ ನಾಯಿ, ಬೆಳಕು, ಗಟ್ಟಿ ಚಿಲಕ, ಪಕ್ಕದ ಮನೆಯ ಫೋನ್ ನಂಬರ್ ಮೊದಲು ಬರಲಿ. ಹತ್ತಿರದ ಅಂತರದಲ್ಲಿ, ಕತ್ತಲಲ್ಲಿ, ನಡುಗುವ ಕೈಯಲ್ಲಿ ಸಣ್ಣ ನಳಿಗೆಯ ಆಯುಧ ಗುರಿ ಮುಟ್ಟಬೇಕಾದರೆ ಸತತ ಅಭ್ಯಾಸ ಬೇಕು. ಅಭ್ಯಾಸಕ್ಕೆ ಸಮಯವಿಲ್ಲದವರಿಗೆ ರಿವಾಲ್ವರ್ ಒಂದು ಚಿಂತೆ ಹೆಚ್ಚಿಸುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ.

ಇನ್ನು ಅಜ್ಜನ ಜೋಡಿ ನಳಿಗೆ ಕೋವಿ. ನಮ್ಮ ಮನೆಗಳಲ್ಲಿ ಹೆಚ್ಚು ಇರುವುದು ಇದೇ, ಕಡಿಮೆ ಪರೀಕ್ಷೆ ಆಗುವುದೂ ಇದೇ. ನಳಿಗೆಯ ಮೇಲೆ ಹಾವಿನ ಮೈಯಂಥ ಸುರುಳಿ ಸುರುಳಿ ಚಿತ್ತಾರ ಕಂಡರೆ ನೋಡಲು ಬಲು ಚಂದ. ಅದು ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿ ಮಾಡಿ, ಸರಳಿಗೆ ಸುತ್ತಿ, ಕಾಯಿಸಿ ಬಡಿದು ಬೆಸೆದದ್ದು. ಅಡಿಯಿಂದ ತುದಿಯವರೆಗೂ ಬೆಸುಗೆಯೇ. ಕರಿಮದ್ದಿನ ಕಾಲಕ್ಕೆ ಅದು ಸಾಕಿತ್ತು. ಇಂದಿನ ಹೊಗೆರಹಿತ ಮದ್ದಿನ ತೋಟೆ ಅದಕ್ಕೆ ಹಾಕಬೇಡಿ. ನೂರು ವರ್ಷದಲ್ಲಿ ಬೆಸುಗೆಯ ಸಂದಿನೊಳಗೆ ತುಕ್ಕು ಎಷ್ಟು ಇಳಿದಿದೆ ಎಂದು ಹೊರಗಿನಿಂದ ಹೇಳಲು ಯಾರಿಂದಲೂ ಆಗುವುದಿಲ್ಲ. ಒಡೆದರೆ ಅದು ಒಡೆಯುವುದು ಎಡಗೈ ಹಿಡಿದಿರುವ ಜಾಗದಲ್ಲೇ.

ಚಿತ್ತಾರವಿಲ್ಲದ ಉಕ್ಕಿನ ನಳಿಗೆಯಾದರೂ ನಳಿಗೆಯ ಅಡಿಭಾಗ ನೋಡಿ. ಇಂಗ್ಲೆಂಡಿನಿಂದ ಬಂದ ಕೋವಿಗಳಿಗೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾ ಮನೆಯ ಮುದ್ರೆ ಇರುತ್ತದೆ. ಹೊಗೆರಹಿತ ಮದ್ದಿಗೆ ಪರೀಕ್ಷೆ ಆಗಿದೆಯೇ ಎಂಬುದು ಆ ಮುದ್ರೆಯಲ್ಲೇ ಗೊತ್ತಾಗುತ್ತದೆ. ಅಲ್ಲಿಯೇ ಚೇಂಬರಿನ ಉದ್ದವೂ ಇರಬಹುದು. ಹಳೆಯ ಇಂಗ್ಲಿಷ್ 12 ಬೋರ್ ಕೋವಿಗಳಲ್ಲಿ ಬಹಳಷ್ಟಕ್ಕೆ ಎರಡೂವರೆ ಇಂಚು, ಅಂದರೆ ಸುಮಾರು 65 ಮಿಲಿಮೀಟರ್ ಚೇಂಬರ್. ಇಂದು ಅಂಗಡಿಯಲ್ಲಿ 70 ಮಿಲಿಮೀಟರ್ ತೋಟೆಯೂ ಸಿಗುತ್ತದೆ. ಮೋಸ ಎಲ್ಲಿ ಎಂದರೆ, ಉದ್ದದ ತೋಟೆ ಗಿಡ್ಡ ಚೇಂಬರಿನಲ್ಲಿ ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚುತ್ತದೆ. ಹೊಡೆದಾಗ ತೋಟೆಯ ಮಡಚಿದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ನಳಿಗೆಯ ಇಕ್ಕಟ್ಟಿಗೆ ಚಾಚುತ್ತದೆ, ಒತ್ತಡ ಏರುತ್ತದೆ. ಒಂದು ಸಲ ಹೊಡೆದು ಏನೂ ಆಗಲಿಲ್ಲ ಎಂದರೆ ಎರಡನೇ ಸಲವೂ ಆಗುವುದಿಲ್ಲವೆಂದು ಅರ್ಥವಲ್ಲ. ಪೆಟ್ಟಿಗೆಯ ಮೇಲೆ ಬರೆದ ಉದ್ದವನ್ನೂ ಕೋವಿಯ ಚೇಂಬರಿನ ಉದ್ದವನ್ನೂ ಹೊಂದಿಸಿ ನೋಡಿ. ಕೋವಿಯ ಮೇಲೆ ಬರೆದಿಲ್ಲದಿದ್ದರೆ ಅಳೆಸಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳೂ ಇವೆ. ಖಾಲಿ ಕೋವಿಯ ಮುಂದಿನ ಮರ ಬಿಚ್ಚಿ, ಹಿಡಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದಾಗ ನಳಿಗೆ ಸಡಿಲ ಅನ್ನಿಸಬಾರದು. ಮುಚ್ಚಿ ದೀಪಕ್ಕೆ ಹಿಡಿದರೆ ನಳಿಗೆಯ ಹಿಂಬದಿಗೂ ಎದುರಿನ ಉಕ್ಕಿಗೂ ನಡುವೆ ಬೆಳಕು ಸೋರಬಾರದು. ನಳಿಗೆಗಳನ್ನು ಬೇರ್ಪಡಿಸಿ, ಕೆಳಗಿನ ಕೊಕ್ಕೆಯಿಂದ ಬೆರಳಿಗೆ ತೂಗುಹಾಕಿ, ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಗಂಟೆಯ ನಾದ ಬಂದರೆ ಎರಡು ನಳಿಗೆ ಕೂಡಿಸಿದ ಬೆಸುಗೆ ಗಟ್ಟಿ, ಮಂಕಾದ ಸದ್ದು ಬಂದರೆ ಎಲ್ಲೋ ಬಿಟ್ಟಿದೆ. ಇವೆಲ್ಲ ಸರಿಬಂದರೂ ವರ್ಷಕ್ಕೊಮ್ಮೆ ಲೈಸೆನ್ಸ್ ಇರುವ ರಿಪೇರಿಯವರ ಕಣ್ಣಿಗೆ ಬೀಳಲಿ. ಮನೆಯ ಪರೀಕ್ಷೆ ಕೆಟ್ಟದ್ದನ್ನು ಹಿಡಿಯುತ್ತದೆ. ಒಳ್ಳೆಯದೆಂದು ಸರ್ಟಿಫಿಕೇಟ್ ಕೊಡುವುದಿಲ್ಲ.

ತೋಟೆಯ ವಿಷಯ ಚಿಕ್ಕದು, ಅಷ್ಟೇ ಗಂಭೀರ. ನಮ್ಮ ಮಳೆಗಾಲ ಕಂಡ ಕಾಗದದ ತೋಟೆ ಉಬ್ಬುತ್ತದೆ, ಹಿತ್ತಾಳೆಯ ತಳ ಹಸಿರುಗಟ್ಟುತ್ತದೆ. ಅಂಥದ್ದನ್ನು ಒತ್ತಿ ತುರುಕಬೇಡಿ, ಒಲೆಗೂ ಕೆರೆಗೂ ಎಸೆಯಬೇಡಿ. ಕೋವಿ ಅಂಗಡಿಯವರನ್ನೋ ಠಾಣೆಯನ್ನೋ ಕೇಳಿ ಒಪ್ಪಿಸಿ. ಟ್ರಿಗರ್ ಎಳೆದಾಗ ಹಾರದಿದ್ದರೆ ಕೋವಿಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಿರಿ, ಆಮೇಲೆ ತೆರೆಯಿರಿ. ಹಳೆಯ ಮದ್ದು ತಡವಾಗಿ ಹತ್ತಿಕೊಳ್ಳುವುದುಂಟು. ಹಾರಿದರೂ ಸದ್ದು ಕುಗ್ಗಿ, ಒದೆತ ಕಡಿಮೆಯಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ನಳಿಗೆಯೊಳಗೆ ಗುಂಡೋ ಬಿರಡೆಯೋ ಸಿಕ್ಕಿಕೊಂಡಿರಬಹುದು. ತೆರೆದು, ಬೆಳಕು ನೋಡಿ, ಆಮೇಲೆ ಮುಂದಿನ ಮಾತು. ತೆಂಗಿನಕಾಯಿ ಪಂದ್ಯದಲ್ಲಿ ಸರದಿ ಕಾಯುವ ಜನ “ಬೇಗ ಹೊಡಿ ಮಾರಾಯ” ಎಂದು ಕೂಗುತ್ತಾರೆ. ಕೂಗಲಿ.

ಇನ್ನು ಆರೈಕೆ. ಕೊಡಗಿನಲ್ಲಿ ಕೋವಿಯ ದೊಡ್ಡ ಶತ್ರು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿಯ ತೇವ. ಭಾಗಮಂಡಲ, ಮಡಿಕೇರಿ ಕಡೆ ಗೋಡೆಯೇ ಬೆವರುವ ಕಾಲದಲ್ಲಿ ಚರ್ಮದ ಚೀಲದೊಳಗೆ ಕೋವಿ ಇಟ್ಟರೆ ಚರ್ಮ ನೀರು ಹೀರಿ ಉಕ್ಕಿಗೆ ಕೊಡುತ್ತದೆ. ಚೀಲ, ಒರೆ ಪ್ರಯಾಣಕ್ಕೆ ಮಾತ್ರ. ಮನೆಯಲ್ಲಿ ಬೀಗವಿರುವ ಉಕ್ಕಿನ ಕಪಾಟು, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಆ ಪೊಟ್ಟಣವನ್ನೂ ಆಗಾಗ ಬಿಸಿ ಮಾಡಿ ಒಣಗಿಸದಿದ್ದರೆ ಅದು ಇದ್ದೂ ಇಲ್ಲದಂತೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹೊರತೆಗೆದು ಒರೆಸಿ.

ಎಣ್ಣೆಯೆಂದರೆ ಕೊಬ್ಬರಿ ಎಣ್ಣೆ ಎಂಬ ಅಭ್ಯಾಸ ಬಿಡಿ. ಅದು ಸುಮಾರು 24 ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟುತ್ತದೆ. ನಮ್ಮ ಡಿಸೆಂಬರಿನ ಬೆಳಗಿನಲ್ಲಿ ಕುದುರೆಯ ಒಳಗೆ ಮೇಣವಾಗಿ ಕೂರುತ್ತದೆ. ಹಳತಾದರೆ ಅಂಟಾಗಿ ಧೂಳು ಹಿಡಿಯುತ್ತದೆ. ಕೋವಿಗೆಂದೇ ಬರುವ ತೆಳು ಎಣ್ಣೆ, ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ. ಅದೂ ಬಟ್ಟೆಗೆ ಹಾಕಿ ಸವರುವಷ್ಟು, ಸುರಿಯುವಷ್ಟಲ್ಲ. ಹೆಚ್ಚಾದ ಎಣ್ಣೆ ಕೆಳಗಿಳಿದು ಹಿಡಿಯ ಮರವನ್ನು ಕೊಳೆಸುತ್ತದೆ, ತೋಟೆಗೆ ತಗುಲಿದರೆ ಅದರ ಕಿಡಿಯನ್ನು ಕೆಡಿಸುತ್ತದೆ. ಹೊಡೆದ ದಿನವೇ ನಳಿಗೆ ತೊಳೆಯಬೇಕು: ಹಿಂಬದಿಯಿಂದ ಸರಳು ಹಾಕಿ ಬ್ರಷ್, ಆಮೇಲೆ ಬಟ್ಟೆ, ಬಟ್ಟೆ ಬಿಳಿಯಾಗಿ ಬರುವವರೆಗೆ. ಕರಿಮದ್ದೋ ತೀರಾ ಹಳೆಯ ತೋಟೆಯೋ ಆಗಿದ್ದರೆ ಅದು ಬಿಡುವ ಉಪ್ಪು ಎಣ್ಣೆಗೆ ಹೋಗುವುದಿಲ್ಲ. ಬಿಸಿ ನೀರಿಗೆ ಮಾತ್ರ ಹೋಗುತ್ತದೆ. ನಳಿಗೆಗೆ ಬಿಸಿ ನೀರು ಹೊಯ್ದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಸವರಿ.

ಪೂಜೆಯ ದಿನದ ಒಂದು ಸಣ್ಣ ಮಾತು, ಯಾರೂ ಬೇಸರಿಸಬೇಡಿ. ಗಂಧ, ಕುಂಕುಮ, ಹೂವಿನ ಹಸಿ ತೊಟ್ಟು ಎಲ್ಲದರಲ್ಲೂ ನೀರಿದೆ. ಅವನ್ನು ನಳಿಗೆಯ ಮೇಲೆ ಮಾರನೆಯ ವರ್ಷದವರೆಗೆ ಬಿಟ್ಟರೆ ಹಚ್ಚಿದ ಜಾಗದಲ್ಲೇ ತುಕ್ಕು ಏಳುತ್ತದೆ. ಅಂದು ಸಂಜೆಯೇ ಒರೆಸಿ ಎಣ್ಣೆ ಸವರಿದರೆ ನಮ್ಮ ಮೂಲಪುರುಷರಾದ ಗುರುಕಾರೋಣರು ಮುನಿಯುವುದಿಲ್ಲ. ಅವರಿಗೂ ಬೇಕಿದ್ದದ್ದು ಕೋವಿ ನೆಟ್ಟಗಿರುವುದೇ. ತೋಕ್ ಪೂವಿನ ಗಿಡ ಗೆಡ್ಡೆಯಿಂದ ಹೂವಿನವರೆಗೆ ವಿಷ. ಪೂಜೆ ಮುಗಿದ ಮೇಲೆ ಮಕ್ಕಳ ಬಾಯಿಗೆ ಹೋಗದಂತೆ ತೆಗೆದುಬಿಡಿ.

ಮನೆಯೊಳಗಿನ ಶಿಸ್ತಿನ ಬಗ್ಗೆ ನಾನು ಮೆದುವಾಗಿ ಹೇಳಲಾರೆ. ಕೋವಿ ಒಂದು ಬೀಗದಲ್ಲಿ, ತೋಟೆ ಇನ್ನೊಂದು ಬೀಗದಲ್ಲಿ, ಎರಡರ ಕೀಲಿಯೂ ಒಬ್ಬರಿಗೆ ಮಾತ್ರ ಗೊತ್ತಿರುವ ಜಾಗದಲ್ಲಿ. ಗೋಡೆಯ ಮೊಳೆಗೆ ತೂಗುಹಾಕುವ ಚಂದ ಚಿತ್ರಕ್ಕೆ ಇರಲಿ. ಕುಡಿದವರ ಕೈಗೆ ಕೋವಿ ಹೋಗಬಾರದು, ಅವರು ಒಕ್ಕದ ಹಿರಿಯರೇ ಆಗಿದ್ದರೂ. ಮನೆಯಲ್ಲಿ ಯಾರಾದರೂ ಸಾಲದಿಂದಲೋ ಕಾಯಿಲೆಯಿಂದಲೋ ಮನಸ್ಸು ಕುಗ್ಗಿ ಮಾತು ಬಿಟ್ಟು ಕೂತಿದ್ದರೆ, ಕೋವಿಯನ್ನು ಅಂದೇ ಲೈಸೆನ್ಸ್ ಇರುವ ಕೋವಿ ಅಂಗಡಿಗೋ ಠಾಣೆಗೋ ಒಪ್ಪಿಸಿ ರಸೀದಿ ಪಡೆಯಿರಿ. ಆ ಗಳಿಗೆ ದಾಟಿದ ಮೇಲೆ ವಾಪಸ್ ತರಬಹುದು. ಇದನ್ನು ಮಾನದ ಪ್ರಶ್ನೆ ಮಾಡಿಕೊಂಡ ಮನೆಗಳು ಆಮೇಲೆ ಪಟ್ಟ ಪಾಡು ಊರಿಗೆ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಹಿರಿಯರು ತೀರಿಕೊಂಡಾಗ ಕೋವಿಯ ಕಾಗದವನ್ನೂ ನೆನೆಯಿರಿ. ಲೈಸೆನ್ಸಿನ ಕೋವಿಯಾದರೆ ಲೈಸೆನ್ಸ್‌ದಾರರು ಹೋದ ಮೇಲೆ ಅದನ್ನು ತಡಮಾಡದೆ ಠಾಣೆಯಲ್ಲೋ ಕೋವಿ ಅಂಗಡಿಯಲ್ಲೋ ಠೇವಣಿ ಇಟ್ಟು, ವಾರಸುದಾರರು ಅರ್ಜಿ ಹಾಕಬೇಕು. 2016ರ ನಿಯಮಗಳ ಪ್ರಕಾರ ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಆ ಕೋವಿ ಅವರ ಬಳಿ 25 ವರ್ಷ ಇದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸಲು ದಾರಿಯಿದೆ. ಅಜ್ಜ ಗಟ್ಟಿಯಾಗಿರುವಾಗಲೇ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ ಮುಗಿಸಿ. 2019ರ ತಿದ್ದುಪಡಿಯ ನಂತರ ಲೈಸೆನ್ಸ್‌ದಾರರೊಬ್ಬರ ಬಳಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲ ಎಂಬುದೂ ಲೆಕ್ಕದಲ್ಲಿರಲಿ. ವಿನಾಯಿತಿಯ ಕೋವಿಯಾದರೂ ಹೋದವರ ಹೆಸರಿನ ಪತ್ರ ನಿಮ್ಮದಾಗುವುದಿಲ್ಲ. ನಿಮ್ಮ ಹೆಸರಿಗೆ ಏನು ಮಾಡಿಸಬೇಕೆಂದು ಅದೇ ಕಚೇರಿಯಲ್ಲಿ ಕೇಳಿ ಮುಗಿಸಿ.

ಪರೀಕ್ಷೆಯಲ್ಲಿ ಸೋತ ಕೋವಿಯನ್ನು ಏನು ಮಾಡುವುದು? ಅದನ್ನು ಎಸೆಯಬೇಕೆಂದು ನಾನು ಹೇಳುತ್ತಿಲ್ಲ. ಲೈಸೆನ್ಸ್ ಇರುವ ರಿಪೇರಿಯವರಿಂದ ಒಳಗಿನ ಪಿನ್ ತೆಗೆಸಿ, ಕಾಗದದಲ್ಲಿ ಹಾಗೆಯೇ ಉಳಿಸಿ, ವರ್ಷಕ್ಕೊಮ್ಮೆ ಮನೆಯ ನಡುಹಜಾರವಾದ ನೆಲ್ಲಕ್ಕಿ ನಡುಬಾಡೆಯ ದೀಪದ ಮುಂದೆ ಇಡಿ. ಪೂಜೆಗೆ ಅದು, ಪಂದ್ಯಕ್ಕೆ ಬೇರೆ ಎಂದು ಒಕ್ಕದಲ್ಲಿ ಮಾತಾಗಲಿ. ಹಿರಿಯರ ಹೆಸರು ಉಳಿಸಲು ಅವರ ಕೋವಿ ಸಿಡಿಯಲೇಬೇಕೆಂದೇನೂ ಇಲ್ಲ.

ಕೊನೆಗೆ ಒಂದು ಬೇಡಿಕೆ. ಪ್ರತಿ ಒಕ್ಕದ ಮುಖ್ಯಸ್ಥರಾದ ಪಟ್ಟೆದಾರರ ಬಳಿ ಒಂದು ಕೋವಿ ಪುಸ್ತಕ ಇರಲಿ. ಯಾವ ಕೋವಿ, ಯಾವ ನಂಬರ್, ಯಾರ ಹೆಸರಲ್ಲಿ, ಚೇಂಬರಿನ ಉದ್ದವೆಷ್ಟು, ಯಾವ ಮದ್ದಿಗೆ ಪರೀಕ್ಷೆಯಾಗಿದೆ, ಕೊನೆಯ ಬಾರಿ ಯಾರು ಯಾವ ದಿನ ನೋಡಿದರು, ಹೊಡೆಯಬಹುದೇ ಬೇಡವೇ. ಒಂದು ಪುಟಕ್ಕೆ ಒಂದು ಕೋವಿ. ಊರೂರಿನ ಕೊಡವ ಸಮಾಜಗಳು, ಗೌಡ ಸಮಾಜಗಳು, ಕೈಲ್‌ಪೊಳ್ದ್ ಅಥವಾ ಕೈಲು ಮುಹೂರ್ತಕ್ಕೆ ಎರಡು ವಾರ ಮೊದಲು ಲೈಸೆನ್ಸ್ ಇರುವ ರಿಪೇರಿಯವರನ್ನು ಕರೆಸಿ, ಪೊಲೀಸರಿಗೂ ತಿಳಿಸಿ, ಒಂದು ದಿನದ ಕೋವಿ ತಪಾಸಣೆ ಇಡಲಿ. ಪಂದ್ಯ ನಡೆಸುವವರು ಆ ಪುಟ ತೋರಿಸದ ಕೋವಿಯನ್ನು ಮೈದಾನಕ್ಕೆ ಬಿಡದಿರಲಿ. ಇದರ ಖರ್ಚು ಒಂದು ದಿನದ ಶಾಮಿಯಾನಕ್ಕಿಂತ ಹೆಚ್ಚಾಗದು.

ನಮ್ಮ ವಿನಾಯಿತಿಯ ಅವಧಿ 2029ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಮುಂದುವರಿಸಿ ಎಂದು ಕೇಳಲು ನಾವು ಮತ್ತೆ ದೆಹಲಿಗೆ ಹೋಗಲೇಬೇಕು. 1861ರ ಮಾತು, ಶೌರ್ಯದ ಮಾತು, ಸಂಸ್ಕೃತಿಯ ಮಾತು ಎಲ್ಲವನ್ನೂ ನಮ್ಮ ಮುಖಂಡರು ಚೆನ್ನಾಗಿಯೇ ಹೇಳುತ್ತಾರೆ. ಅದರ ಜೊತೆಗೆ ಇಟ್ಟು ತೋರಿಸಲು, ಪ್ರತಿ ಮನೆಯ ಕೋವಿಯೂ ಯಾರ ಹೆಸರಲ್ಲಿ ಯಾವ ಸ್ಥಿತಿಯಲ್ಲಿ ಇದೆಯೆಂದು ನಾವೇ ಬರೆದಿಟ್ಟ ಲೆಕ್ಕ ಇದ್ದರೆ, ಆ ಅರ್ಜಿ ತಿರಸ್ಕರಿಸುವುದು ಯಾವ ಅಧಿಕಾರಿಗೂ ಸುಲಭವಾಗದು. ಆ ಲೆಕ್ಕದ ಮೊದಲ ಪುಟವನ್ನು ಈ ಸೆಪ್ಟೆಂಬರ್ 3ಕ್ಕೆ ಮೊದಲೇ ಬರೆಯಿರಿ.

ನಿಮ್ಮ ಹಿತ ಬಯಸುವ,
ಕೊಡಗಿನ ಒಬ್ಬ ಹಿರಿಯ